ಒಂದೇ ಬಾಯಿಯ ಪೆಟ್ಟಿಗೆ

ಸ್ಪೀಕರ್ ಎಂದ ಕೂಡಲೇ ಎಲ್ಲರೂ ಕೇಳುವುದು "ಎಷ್ಟು ವಾಟ್?" ಎಂದು. ಐರೋಳಿಯ ನಮ್ಮ ಆಫೀಸಿನ ಹುಡುಗರೂ ಹಾಗೇ ಕೇಳುತ್ತಾರೆ, ಡೊಂಬಿವಲಿಯ ನಮ್ಮ ಸೊಸೈಟಿಯ ಸೆಕ್ರೆಟರಿಯೂ ಹಾಗೇ ಕೇಳುತ್ತಾರೆ. ಸೆಕ್ರೆಟರಿ ಕೇಳುವ ಕಾರಣ ಬೇರೆ, ಅದು ಬಿಡಿ. ಮೂರ್ನಾಲ್ಕು ವಾಟಿನ ವಾಲ್ವ್ ರೇಡಿಯೋ ಒಂದು ಕಾಲದಲ್ಲಿ ಇಡೀ ಓಣಿಗೆ ವಾರ್ತೆ ಕೇಳಿಸುತ್ತಿತ್ತು ಎಂದರೆ ಇವರು ಯಾರೂ ನಂಬುವುದಿಲ್ಲ.

ಅದರಲ್ಲಿ ಮಾಯೆಯೇನೂ ಇಲ್ಲ. ಒಂದು ವಾಟ್ ಕೊಟ್ಟು, ಒಂದು ಮೀಟರ್ ದೂರ ನಿಂತು ಅಳೆದರೆ ಇಂದಿನ ಸಣ್ಣ ಶೆಲ್ಫ್ ಸ್ಪೀಕರು ಸುಮಾರು 85 ಡೆಸಿಬೆಲ್ ಸದ್ದು ಮಾಡುತ್ತದೆ. ಹಳೆಯ ರೇಡಿಯೋದ ಒಳ್ಳೆಯ ಎಂಟಿಂಚಿನ ಸ್ಪೀಕರು 94ರ ಆಸುಪಾಸು ಹೋಗುತ್ತದೆ. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಅರ್ಧ ಸಾಕು. ಲೆಕ್ಕ ಹಾಕಿ: 9 ಡೆಸಿಬೆಲ್ ಅಂತರ ಎಂದರೆ ಎಂಟನೆಯ ಒಂದು ಪಾಲು ವಾಟಿನಲ್ಲಿ ಅಷ್ಟೇ ಸದ್ದು. ವಾಲ್ವಿನ ಕಾಲದಲ್ಲಿ ವಾಟ್ ತುಟ್ಟಿ, ಹಾಗಾಗಿ ಸ್ಪೀಕರು ದುಡಿಯಲೇಬೇಕಿತ್ತು. ಹಗುರ ಕಾಗದದ ಕೋನು, ಬಿಗಿಯಾದ ಮ್ಯಾಗ್ನೆಟ್ಟು. ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾದ ಮೇಲೆ ಸ್ಪೀಕರುಗಳು ಚಿಕ್ಕವಾದವು, ಭಾರವಾದವು, ಸೋಮಾರಿಯಾದವು. ಬದಲಿಗೆ ಒಂದು ಕೊಟ್ಟವು ಅನ್ನಿ: ಸಣ್ಣ ಡಬ್ಬಿಯಿಂದಲೇ ಗುಮ್ಮೆನ್ನುವ ಬೇಸ್.

ನಾನು ಓದಿದ್ದು ಎಂಟೆಕ್, ಕೆಲಸ ಪ್ರಾಜೆಕ್ಟ್ ಮ್ಯಾನೇಜರನದ್ದು. ಅಂದರೆ ಓದಿದ ಯಾವುದನ್ನೂ ಕೈಯಿಂದ ಮಾಡದೆ, ಬೇರೆಯವರು ಮಾಡಿದ್ದಕ್ಕೆ ಎಕ್ಸೆಲ್ ಹಾಳೆ ಹಾಕುವುದು. ಆ ಹಸಿವಿಗೇ ಇರಬೇಕು, ಆರು ವರ್ಷದಿಂದ ಈ ಹುಚ್ಚು ಹತ್ತಿದೆ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಇಳಿದು ಲ್ಯಾಮಿಂಗ್ಟನ್ ರಸ್ತೆ, ಅಲ್ಲಿಂದ ಚೋರ್ ಬಜಾರಿನ ಮಟನ್ ಸ್ಟ್ರೀಟು, ಇತ್ತ ಕಲ್ಯಾಣದ ಭಂಗಾರದ ಅಂಗಡಿಗಳು. ಭಾನುವಾರ ಹೀಗೆ ತಿರುಗಿ, ಹಳೆಯ ರೇಡಿಯೋಗಳಿಂದ ಕಿತ್ತ ಸ್ಪೀಕರುಗಳನ್ನು ಚೀಲದಲ್ಲಿ ಹಾಕಿಕೊಂಡು ಲೋಕಲ್‌ನಲ್ಲಿ ತರುತ್ತೇನೆ. ಠಾಣೆಯಲ್ಲಿ ಒಮ್ಮೆ ಪೊಲೀಸರು ಚೀಲ ಬಿಚ್ಚಿಸಿ ನೋಡಿದ್ದರು. ಮ್ಯಾಗ್ನೆಟ್ಟು, ವೈರು ಕಂಡರೆ ಯಾರು ತಾನೇ ಬಿಟ್ಟಾರು?

ನನಗೆ ಬೇಕಾದದ್ದು ಫುಲ್ ರೇಂಜ್ ಡ್ರೈವರ್. ಈಗಿನ ಬಹುತೇಕ ಸ್ಪೀಕರ್ ಪೆಟ್ಟಿಗೆಗಳಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ದೊಡ್ಡ ಕೋನು ಮಂದ್ರಕ್ಕೆ, ಸಣ್ಣ ಟ್ವೀಟರ್ ತಾರಕ್ಕೆ, ನಡುವೆ ಸದ್ದನ್ನು ಎರಡು ಪಾಲು ಮಾಡುವ ಕ್ರಾಸ್‌ಓವರ್. ಆ ಕತ್ತರಿ ಬೀಳುವುದು ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಸ್ ನಡುವೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದೂ ಹೆಚ್ಚುಕಡಿಮೆ ಅಲ್ಲಿಯೇ. ಫುಲ್ ರೇಂಜ್‌ನಲ್ಲಿ ಈ ಹಂಚಿಕೆ ಇಲ್ಲ. ಒಂದೇ ಕೋನು ಎಲ್ಲವನ್ನೂ ಹಾಡಬೇಕು. ಹೆಚ್ಚೆಂದರೆ ಮಧ್ಯದಲ್ಲಿ ಇನ್ನೊಂದು ಪುಟ್ಟ ಕಾಗದದ ಕೋನು ಅಂಟಿಸಿರುತ್ತಾರೆ, ವಿಝರ್ ಎನ್ನುತ್ತಾರೆ ಅದಕ್ಕೆ, ಮೇಲಿನ ಸ್ವರಗಳಿಗೆ ಆಸರೆಯಾಗಿ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು ತೋರಿಸಿಕೊಟ್ಟ ಸುರುಳಿ–ಕೋನಿನ ಸ್ಪೀಕರ್ ಮೂಲತಃ ಇಂಥದ್ದೇ. ನೂರು ವರ್ಷವಾದರೂ ಒಳಗಿನ ಅಂಗಾಂಗ ಅದೇ.

ಈ ಹವ್ಯಾಸದವರ ನಡುವೆ ದೊಡ್ಡ ಮಾತುಗಳು ಬಹಳ. ಆಲ್ನಿಕೊ ಮ್ಯಾಗ್ನೆಟ್ಟಿಗೆ ಒಂದು ಜೇನಿನ ಸ್ವಾದವಿದೆ ಎನ್ನುವವರಿದ್ದಾರೆ. ಆಲ್ನಿಕೊದಲ್ಲಿ ಕೋಬಾಲ್ಟ್ ಇರುತ್ತದೆ. 1970ರ ದಶಕದ ಕೊನೆಗೆ ಝೈರ್‌ನ ಗಣಿ ಪ್ರಾಂತ್ಯದಲ್ಲಿ ಯುದ್ಧವಾಗಿ ಕೋಬಾಲ್ಟ್ ಬೆಲೆ ಏರಿದಾಗ ಕಾರ್ಖಾನೆಗಳು ಫೆರೈಟಿಗೆ ಹೊರಳಿದವು. ಆಲ್ನಿಕೊ ಹೋದದ್ದು ದುಡ್ಡಿನ ಕಾರಣಕ್ಕೆ ಎಂಬುದು ನಿಜ. ಅಷ್ಟರಿಂದ ಅದರಲ್ಲಿ ಜೇನು ಇತ್ತು ಎಂದಾಗುವುದಿಲ್ಲ. ನಾನು ಮೈಕು ಇಟ್ಟು ಅಳೆಯುವವನು. ಜೇನು ಗ್ರಾಫಿನಲ್ಲಿ ಕಂಡಿಲ್ಲ.

ಗ್ರಾಫನ್ನೇ ನಂಬಿಕೊಂಡು ಹಾಯಾಗಿದ್ದೆ, ಅಪ್ಪ ಬರುವ ತನಕ.

ಅವ್ವ ಹೋದ ಮೇಲೆ ಅಪ್ಪನನ್ನು ಧಾರವಾಡದಿಂದ ಡೊಂಬಿವಲಿಗೆ ಕರೆತಂದೆವು. ಎಂಬತ್ತರ ಹತ್ತಿರದ ವಯಸ್ಸು, ಹೈಸ್ಕೂಲು ಮಾಸ್ತರರಾಗಿ ನಿವೃತ್ತರು. ಮೊದಲ ದಿನ ಹಾಲಿನಲ್ಲಿ ಕಣ್ಣಾಡಿಸಿ, "ಮನ್ಯಾಗ ಇರೋದು ಎರಡು ಖೋಲಿ, ಸ್ಪೀಕರ್ ಎಂಟು" ಅಂದರು. ಆಮೇಲೆ ಮಾತು ಕಡಿಮೆಯಾಗುತ್ತ ಹೋಯಿತು. ಊರು ಬಿಟ್ಟ ದುಃಖ, ಅವ್ವನ ದುಃಖ ಎಂದುಕೊಂಡೆವು. ಅದೂ ಇತ್ತು. ಆದರೆ ನನ್ನ ಹೆಂಡತಿ ಒಂದು ದಿನ ಹೇಳಿದಳು: "ರೀ, ಮಾವನವ್ರಿಗೆ ನಾವು ಅಂದದ್ದು ಅರ್ಧ ಕೇಳಸೂದೇ ಇಲ್ಲ. ಸುಮ್ಮನ ತಲಿ ಆಡಸ್ತಾರ."

ಪರೀಕ್ಷೆ ಮಾಡಿಸಿದೆವು. ಕಿವಿಯ ಡಾಕ್ಟರು ಒಂದು ಹಾಳೆ ಕೊಟ್ಟರು, ಆಡಿಯೋಗ್ರಾಮ್. 500 ಹರ್ಟ್ಸ್‌ನಲ್ಲಿ 30 ಡೆಸಿಬೆಲ್ ನಷ್ಟ. ಅಲ್ಲಿಂದ ಗೆರೆ ಇಳಿಯುತ್ತ ಇಳಿಯುತ್ತ 4,000 ಹರ್ಟ್ಸ್‌ನಲ್ಲಿ 65. ಮುಪ್ಪಿನ ಕಿವಿಯ ಸಾಮಾನ್ಯ ಇಳಿಜಾರು ಅದು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಹರ್ಟ್ಸ್‌ಗಳಲ್ಲಿ, ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಸ, ಶ, ತ, ಕ ಇವುಗಳ ಗುರುತು ಇರುವುದು 2,000ದಿಂದ ಮೇಲೆ. ಏನು ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಮನೆಗೆ ಇನ್ನೊಂದು ಸಾಲ ತೆಗೆದೆ ಎಂದರೆ, "ಹಾಲು ಎಷ್ಟು ತಗೊಂಡಿ?" ಎಂದು ಕೇಳಿದರು. ಮಗಳು ಬಿದ್ದು ಬಿದ್ದು ನಕ್ಕಳು. ಅಪ್ಪನೂ ನಕ್ಕರು, ಏಕೆಂದು ತಿಳಿಯದೆ.

ಅಪ್ಪನ ವಾದವೇ ಬೇರೆ. "ಧಾರವಾಡದಾಗ ನನ್ನ ಕಿವಿ ಛಲೋ ಇದ್ದುವು ನೋಡು. ಇಲ್ಲಿಗೆ ಬಂದ ಮ್ಯಾಲೆ ಕೆಟ್ಟಾವು."

ಹಟದ ಮಾತು ಎಂದುಕೊಂಡಿದ್ದೆ. ಡಾಕ್ಟರು ಬಿಡಿಸಿ ಹೇಳಿದ ಮೇಲೆ ಅದರಲ್ಲಿರುವ ನಿಜ ತಿಳಿಯಿತು. ಕಿವಿ ಮಂದವಾದವರು ಕೇಳುವುದು ಅರ್ಧ, ಊಹಿಸುವುದು ಅರ್ಧ. ಬಿಟ್ಟ ಅಕ್ಷರವನ್ನು ಮನಸ್ಸು ತುಂಬಿಕೊಳ್ಳುತ್ತದೆ. ತಾಯಿನುಡಿಯಲ್ಲಿ ಅದು ಸಲೀಸು. ಸುಭಾಸ ರಸ್ತೆಯ ತರಕಾರಿಯವಳು ಏನೆಂದಾಳು, ಪೋಸ್ಟ್‌ಮನ್ ಏನೆಂದಾನು ಎಂಬುದು ಅಪ್ಪನಿಗೆ ಅವರು ಬಾಯಿ ತೆರೆಯುವ ಮೊದಲೇ ಗೊತ್ತಿತ್ತು. ಪರಭಾಷೆಯಲ್ಲಿ ಆ ಊಹೆ ನಡೆಯುವುದಿಲ್ಲ. ಅಪ್ಪ ಮರಾಠಿ ತಿಳಿಯದವರೇನಲ್ಲ, ನಾಟ್ಯಗೀತೆ ಕೇಳಿ ಬೆಳೆದವರು. ಆದರೂ ಇಲ್ಲಿಯ ರಿಕ್ಷಾದವನ ಮರಾಠಿ, ಲಿಫ್ಟಿನಲ್ಲಿ ಸಿಗುವವರ ಹಿಂದಿ, ಮೊಮ್ಮಗಳ ಮೂರು ಭಾಷೆಯ ಕಲಸುಮೇಲೋಗರ, ಇವುಗಳಲ್ಲಿ ಬಿಟ್ಟ ಅಕ್ಷರ ಬಿಟ್ಟೇ ಹೋಗುತ್ತದೆ. ಧಾರವಾಡದಲ್ಲಿ ಕಿವಿ ಮಂದವಾಗಿದ್ದವರು ಡೊಂಬಿವಲಿಗೆ ಬಂದು ಕಿವುಡರಾದರು. ಊರು ಬಿಟ್ಟವರಲ್ಲಿ ಮುದುಕರಾಗಲಿರುವ ನಾವೆಲ್ಲ ಇದನ್ನು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಹಿಯರಿಂಗ್ ಏಡ್ ತಂದೆವು. ಎರಡು ವಾರ ಹಾಕಿದರು. ಕುಕ್ಕರಿನ ಸೀಟಿ ಎದೆಗೆ ಇರಿಯುತ್ತದೆ, ತಾವೇ ಅಗಿಯುವ ಸದ್ದು ತಮಗೇ ಕೇಳುತ್ತದೆ ಎಂದು ಡ್ರಾಯರಿಗೆ ಸೇರಿಸಿದರು. ಟಿವಿಗೆ ಕೂಡಿಸಿದ್ದ ಸೌಂಡ್‌ಬಾರ್ ಹಾಕಿದರೆ, "ಬರೇ ಗುಡುಗು" ಎಂದರು. ಅದೂ ನಿಜ. ಕೆಳಗಿನ ಸದ್ದು ಜೋರಾದಾಗ ಮೇಲಿನದನ್ನು ಮುಚ್ಚಿಬಿಡುತ್ತದೆ. ಸಬ್‌ವೂಫರ್ ಗುಮ್ಮೆಂದಷ್ಟೂ ವಾರ್ತೆ ಓದುವವಳ ವ್ಯಂಜನಗಳು ಮುಳುಗುತ್ತವೆ. ಅಪ್ಪನಿಗೆ ಇನ್ನಷ್ಟು ಮುಳುಗುತ್ತವೆ.

ನನ್ನ ಬಳಿ ಹೆಮ್ಮೆಯ ಜೋಡಿಯೊಂದಿತ್ತು. ಎರಡು ಡ್ರೈವರಿನ, ಗ್ರಾಫಿನಲ್ಲಿ ಗೆರೆ ಎಳೆದಂತೆ ಸಪಾಟಾದ ಶೆಲ್ಫ್ ಸ್ಪೀಕರುಗಳು. ಅದರಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದೆ. ಇಲ್ಲಿ ಒಂದು ಮಾತು ಹೇಳಬೇಕು. ನಾನು ಮನ್ಸೂರರನ್ನು ಕೇಳಿದ್ದು ಕ್ಯಾಸೆಟ್ಟಿನಲ್ಲಿ. ಅವರು 1992ರಲ್ಲಿ ತೀರಿಕೊಂಡಾಗ ನಾನು ಹುಡುಗ. ಅಪ್ಪ ಅವರನ್ನು ಮನೆಯ ಬೈಠಕ್ಕುಗಳಲ್ಲಿ, ಮೈಕಿಲ್ಲದೆ, ಹತ್ತು ಮೊಳ ದೂರ ಕೂತು ಕೇಳಿದವರು. ಮೂಲ ಯಾವುದೆಂದು ಗೊತ್ತಿದ್ದವರು ಮನೆಯಲ್ಲಿ ಅವರೊಬ್ಬರೇ. ಐದು ನಿಮಿಷ ಕೇಳಿ ಅಂದರು: "ಛಲೋ ಐತಿ. ಆದ್ರ ಮನ್ಸೂರ ಪರದೆ ಹಿಂದ ಕುಂತು ಹಾಡಿದಂಗ ಆಗ್ತೈತಿ."

ಆ ರಾತ್ರಿ ಆಡಿಯೋಗ್ರಾಮನ್ನು ಮೇಜಿನ ಮೇಲಿಟ್ಟುಕೊಂಡು, ಪಕ್ಕದಲ್ಲಿ ಲ್ಯಾಪ್‌ಟಾಪು ತೆರೆದು ನನ್ನ ಎಂಟೂ ಸ್ಪೀಕರುಗಳ ಗ್ರಾಫು ನೋಡುತ್ತ ಕೂತೆ. ಕಲ್ಯಾಣದಿಂದ 600 ರೂಪಾಯಿಗೆ ತಂದಿದ್ದ ಒಂಟಿ ಡ್ರೈವರೊಂದಿತ್ತು. ವಾಲ್ವ್ ರೇಡಿಯೋದ್ದು, ಎಂಟಿಂಚು, ಕಾಗದದ ಕೋನು, ವಿಝರ್ ಸಹಿತ. ಅದರ ಗೆರೆ ಸಪಾಟಿಲ್ಲ. 2,500ರಿಂದ 4,000 ಹರ್ಟ್ಸ್ ನಡುವೆ ಆರು ಡೆಸಿಬೆಲ್ಲಿನ ಗೂನು. ಕಾಗದದ ಕೋನು ಆ ಹಂತದಲ್ಲಿ ಇಡಿಯಾಗಿ ಅಲುಗದೆ ತುಂಡು ತುಂಡಾಗಿ ಕಂಪಿಸುತ್ತದೆ, ಅದರಿಂದ ಹುಟ್ಟುವ ದೋಷ ಇದು. ಹವ್ಯಾಸಿಗಳು ಇದನ್ನು ಕಿರುಚಾಟ ಎಂದು ಬೈದು, ಸರ್ಕಿಟ್ ಹಾಕಿ ಅಡಗಿಸುತ್ತಾರೆ. ಕೆಳಗೂ ಅದು 150 ಹರ್ಟ್ಸ್ ದಾಟುವ ಮೊದಲೇ ಸೋಲುತ್ತದೆ. ಆದರೆ ಆಡಿಯೋಗ್ರಾಮಿನ ಗೆರೆ ಎಲ್ಲಿ ಕುಸಿಯುತ್ತದೋ ಅಲ್ಲಿಯೇ ಇದರ ಗೆರೆ ಏಳುತ್ತದೆ. ಎಲ್ಲಿ ಗುಡುಗು ಬೇಡವೋ ಅಲ್ಲಿ ಇದು ಸುಮ್ಮನಿರುತ್ತದೆ.

ಸಪಾಟು ಗೆರೆ ಸಪಾಟಾಗಿರುವುದು ಸರಿಯಿರುವ ಕಿವಿಗೆ ಮಾತ್ರ. ನನ್ನ ಕಿವಿಯೂ ಈಗ 13,000 ಹರ್ಟ್ಸ್ ಆಚೆ ಏನನ್ನೂ ಕೇಳುವುದಿಲ್ಲ. ಅಲ್ಲಿಂದ ಮೇಲೆ ನನ್ನ ಸ್ಪೀಕರು ಸಪಾಟಾಗಿದೆಯೆಂದು ನನಗೆ ಹೇಳುವುದು ಮೈಕು.

ಆರು ಡೆಸಿಬೆಲ್ಲಿನ ಗೂನು ಅಪ್ಪನ ಹಳ್ಳವನ್ನು ಪೂರ್ತಿ ಮುಚ್ಚುವುದಿಲ್ಲ, ಅದು ಗೊತ್ತಿದ್ದದ್ದೇ. ಹಿಯರಿಂಗ್ ಏಡಿನ ಕೆಲಸ ಅದು ಮಾಡಲಾರದು. ಅದಕ್ಕೆ ದೂರವನ್ನು ಸೇರಿಸಿಕೊಂಡೆ. ಸ್ಪೀಕರು ಟಿವಿಯ ಪಕ್ಕದಲ್ಲಿರುವ ಬದಲು ಅಪ್ಪನ ಕುರ್ಚಿಯಿಂದ ಒಂದು ಮೀಟರಿನಲ್ಲಿದ್ದರೆ, ಗೋಡೆಗೆ ಬಡಿದು ಮರಳುವ ಸದ್ದಿಗಿಂತ ನೇರ ಸದ್ದು ಬಲವಾಗುತ್ತದೆ. ಅಕ್ಷರ ಬಿಡಿಬಿಡಿಯಾಗುತ್ತದೆ. ಪಕ್ಕದ ಮನೆಯವರಿಗೂ ತೊಂದರೆ ಇಲ್ಲ. ನಮ್ಮಂಥವರ ಹಾಲು ಹತ್ತಡಿ ಅಗಲ, ಗೋಡೆ ತೆಳು. ಇಂಥ ಮನೆಗೆ ಹತ್ತಿರ ಕೂತು ಮೆಲ್ಲಗೆ ಮಾತಾಡುವ ಸ್ಪೀಕರೇ ಸರಿ.

ಡ್ರೈವರಿನ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ಹಳೆಯದನ್ನು ಕೊಳ್ಳುವವರಿಗೆ ಇಲ್ಲಿ ಎರಡು ಮಾತು ಹೇಳಿಬಿಡುತ್ತೇನೆ. ಅಂಗಡಿಯಲ್ಲೇ ಎರಡು ಬೆರಳಿನಿಂದ ಕೋನನ್ನು ಸಮನಾಗಿ, ಮೆತ್ತಗೆ ಒತ್ತಿ ನೋಡಿ. ಒಳಗೆ ಕರಕರ ಎಂದರೆ ಸುರುಳಿ ಉಜ್ಜುತ್ತಿದೆ ಎಂದರ್ಥ. ಮಲ್ಟಿಮೀಟರ್ ಒಯ್ಯಿರಿ. 8 ಓಮಿನದು 6–7 ತೋರಿಸಬೇಕು. ಫಿಲಿಪ್ಸ್ ಒಂದು ಕಾಲದಲ್ಲಿ 800 ಓಮಿನ ಸ್ಪೀಕರುಗಳನ್ನೂ ಮಾಡಿತ್ತು. ಅಂಥದ್ದು ಇವತ್ತಿನ ಆಂಪ್ಲಿಫೈಯರಿಗೆ ಕೂಡುವುದಿಲ್ಲ, ಎಷ್ಟು ಅಂದವಾಗಿದ್ದರೂ ಬಿಟ್ಟು ಬನ್ನಿ. ಗಡಿಯಾರದ ಸೆಲ್ ಒಂದನ್ನು ಕ್ಷಣ ಮುಟ್ಟಿಸಿ. ಕೋನು ಮುಂದೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್.

ನನ್ನದು ಕರಕರ ಎನ್ನುತ್ತಿತ್ತು. ಕಲ್ಯಾಣದ ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ ರೀಕೋನ್ ಮಾಡುವ ಮಿಸ್ತ್ರಿಯೊಬ್ಬರಿದ್ದಾರೆ. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಹರೆಯದಲ್ಲಿ ಠಾಣೆಯ ಕಡೆ ಒಂದು ರೇಡಿಯೋ ಕಾರ್ಖಾನೆಯಲ್ಲಿದ್ದರಂತೆ. ಈಗ ಅವರ ಹೊಟ್ಟೆ ಹೊರೆಯುವುದು ಡಿಜೆಗಳು. ಮೆರವಣಿಗೆಯಲ್ಲಿ ಸುಟ್ಟ ಹದಿನೆಂಟಿಂಚಿನ ಸ್ಪೀಕರುಗಳು ಬಾಗಿಲಲ್ಲಿ ಪರಾತದಂತೆ ಒಂದರ ಮೇಲೊಂದು ಪೇರಿಸಿರುತ್ತವೆ. ನನ್ನ ಎಂಟಿಂಚನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ಬೆಲೆ ಹೇಳುವ ಬದಲು, "ಇದರಲ್ಲಿ ಯಾರು ಹಾಡುವುದು?" ಎಂದು ಮರಾಠಿಯಲ್ಲಿ ಕೇಳಿದರು. ಮನ್ಸೂರ ಎಂದೆ. ಕೂತುಕೋ ಎಂದರು.

ಕೋನು ಬದಲಿಸುವುದು ಬೇಡ, ಹಾಗೆ ಮಾಡಿದರೆ ಅದು ಬೇರೆ ಸ್ಪೀಕರು ಆಗುತ್ತದೆ ಎಂದು ಅವರೇ ಹೇಳಿದರು. ಥಿನ್ನರಿನಲ್ಲಿ ಅಂಟು ನೆನೆಸಿ, ನಡುವಿನ ಟೋಪಿ ಬಿಡಿಸಿ, ಸ್ಪೈಡರ್ ಎಬ್ಬಿಸಿದರು. ಮ್ಯಾಗ್ನೆಟ್ಟಿನ ಸಂದಿಯಲ್ಲಿ ತುಕ್ಕಿನ ಪುಡಿ ಕೂತಿತ್ತು. ಕೊಂಕಣದ ನಾಲ್ಕು ತಿಂಗಳ ಮಳೆಯಲ್ಲಿ ಕಬ್ಬಿಣ, ಕಾಗದ ಎರಡಕ್ಕೂ ಉಳಿಗಾಲವಿಲ್ಲ. ಅಂಟುಟೇಪನ್ನು ಕಡ್ಡಿಗೆ ಸುತ್ತಿ ಆ ಪುಡಿಯನ್ನೆಲ್ಲ ತೆಗೆದರು. ಆಮೇಲೆ ಹಳೆಯ ಎಕ್ಸ್‌ರೇ ಫಿಲ್ಮೊಂದನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಸುರುಳಿಯ ಸುತ್ತ ಸಂದಿಯಲ್ಲಿ ತೂರಿಸಿ, ಅದು ಸರಿಯಾಗಿ ನಡುವೆ ನಿಂತ ಮೇಲೆ ಅಂಟು ಹಾಕಿದರು. ಒಣಗಿದ ಮೇಲೆ ಪಟ್ಟಿ ಎಳೆದರೆ ಸುತ್ತಲೂ ಸಮನಾದ ಕೂದಲೆಳೆಯಷ್ಟು ಜಾಗ. ಯಾರದೋ ಪಕ್ಕೆಲುಬಿನ ಚಿತ್ರದಲ್ಲಿ ಮನ್ಸೂರರಿಗೆ ಗಂಟಲು ಸರಿಹೋಯಿತು. ಮಿಸ್ತ್ರಿಯ ಕೈ ಚಹಾದ ಗ್ಲಾಸು ಹಿಡಿದಾಗ ನಡುಗುತ್ತದೆ, ಆ ಪಟ್ಟಿ ಹಿಡಿದಾಗ ನಡುಗಲಿಲ್ಲ. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕಲಿತವರು ಯಾರೂ ಇಲ್ಲ.

ಪೆಟ್ಟಿಗೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿ, ರಿಚರ್ಡ್ ಸ್ಮಾಲ್ ಮುಂದಿನ ದಶಕದಲ್ಲಿ ಬೆಳೆಸಿದ ಒಂದು ಲೆಕ್ಕವಿದೆ. ಡ್ರೈವರಿನ ಗುಣಗಳನ್ನು ಅಳೆದರೆ ಎಂಥ ಪೆಟ್ಟಿಗೆ ಬೇಕೆಂದು ಅದು ಹೇಳುತ್ತದೆ. ನನ್ನದರ ಕ್ಯು 0.9ರ ಹತ್ತಿರ ಬಂತು. ಇಂಥದ್ದನ್ನು ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಕೊಡದೊಳಗೆ ಮಾತಾಡಿದಂತೆ ಗುಂಯ್ ಎನ್ನುತ್ತದೆ. ಹಳೆಯ ರೇಡಿಯೋಗಳ ಬೆನ್ನು ಸುಮ್ಮನೆ ತೆರೆದಿರುತ್ತಿರಲಿಲ್ಲ. ಉಲ್ಲಾಸನಗರದ ಫರ್ನಿಚರ್ ಬಜಾರಿನಲ್ಲಿ ದೇವರ ಮಂಟಪ ಮಾಡುವ ಬಡಗಿಯಿಂದ 18 ಎಂಎಂ ಪ್ಲೈಯಲ್ಲಿ ಎರಡಡಿ ಎತ್ತರದ, ಬೆನ್ನು ತೆರೆದ ಪೆಟ್ಟಿಗೆ ಮಾಡಿಸಿದೆ. "ದೇವರು ಎಲ್ಲಿ ಕೂರುತ್ತಾನೆ?" ಎಂದು ಕೇಳಿದ, ಎಂಟಿಂಚಿನ ತೂತು ಕೊರೆಯುತ್ತ. ಲ್ಯಾಮಿಂಗ್ಟನ್ ರಸ್ತೆಯ 450 ರೂಪಾಯಿಯ ಕ್ಲಾಸ್ ಡಿ ಬೋರ್ಡು, ಬ್ಲೂಟೂತ್, ಒಂದೇ ಒಂದು ದಪ್ಪ ಗುಂಡಿ. ಆನ್ ಮಾಡುವುದೂ ಅದೇ, ಸದ್ದು ಏರಿಸುವುದೂ ಅದೇ. ಅಪ್ಪನಿಗೆ ರಿಮೋಟ್ ಆಗಿಬರುವುದಿಲ್ಲ.

ಮೊದಲು ಹಾಕಿದ್ದು ಹಾಡಲ್ಲ, ಧಾರವಾಡ ಆಕಾಶವಾಣಿ. ಪ್ರಸಾರ ಭಾರತಿಯ ಆ್ಯಪಿನಲ್ಲಿ ಅದು ಸಿಗುತ್ತದೆ. 765 ಕಿಲೋಹರ್ಟ್ಸ್‌ನ ಆ ಕೇಂದ್ರವನ್ನು ಅಪ್ಪ ಜೀವಮಾನವಿಡೀ ಮೀಡಿಯಂ ವೇವ್‌ನಲ್ಲಿ ಕೇಳಿದವರು. ಮೀಡಿಯಂ ವೇವ್‌ನಲ್ಲಿ ಕೇಂದ್ರ ಕೇಂದ್ರಕ್ಕೆ 9 ಕಿಲೋಹರ್ಟ್ಸ್ ಅಂತರ, ಹಾಗಾಗಿ 4,500 ಹರ್ಟ್ಸ್ ಮೇಲಿನ ಸದ್ದು ಮನೆಯ ರೇಡಿಯೋ ತಲುಪುವುದೇ ಕಷ್ಟ. ಅಷ್ಟರಲ್ಲೇ ಅವರು ವಾರ್ತೆ ಕೇಳಿದರು, ನಾಟಕ ಕೇಳಿದರು, ಗಂಗೂಬಾಯಿ ಹಾನಗಲ್ಲರನ್ನು ಕೇಳಿದರು. ಕಡಿಮೆಯಾಯಿತೆಂದು ಯಾವತ್ತೂ ಅನ್ನಿಸಿರಲಿಲ್ಲ. ಪ್ರದೇಶ ಸಮಾಚಾರ ಬಂತು. ಅಪ್ಪ ಕುರ್ಚಿಯಲ್ಲಿ ಮುಂದೆ ಬಾಗಿದರು. ಯಾವುದೋ ತಾಲೂಕಿನಲ್ಲಿ ಮಳೆಗೆ ಹೆಸರುಕಾಳು ಹಾಳಾದ ಸುದ್ದಿ. "ಹೆಸರು ಹೋತಂತ ನೋಡು" ಎಂದು ನನ್ನ ಹೆಂಡತಿಯನ್ನು ಕರೆದು ಹೇಳಿದರು. ಯಾರೂ ಕೇಳದೆ ಅವರು ತಾವಾಗಿ ಒಂದು ಸುದ್ದಿ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಆಮೇಲೆ ಮನ್ಸೂರ. ಕಣ್ಣು ಮುಚ್ಚಿ ಕೇಳಿದರು. ಈ ಸಲ ಪರದೆಯ ಮಾತಿಲ್ಲ. ತಾನಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ಸದ್ದು ಬಂದಾಗ ಬೆರಳೆತ್ತಿ ತೋರಿಸಿದರು, ಇಲ್ಲಿ ಎಂಬಂತೆ. ನನ್ನ ಕಿವಿಗೆ, ನಿಜ ಹೇಳುತ್ತೇನೆ, ಆ ಪೆಟ್ಟಿಗೆ ಒರಟು. ತಬಲಾದ ಎಡಗೈ ಇಲ್ಲವೇ ಇಲ್ಲ, ಹಾರ್ಮೋನಿಯಂ ಮೂಗಿನಿಂದ ಬರುತ್ತದೆ. ಒಬ್ಬನೇ ಕೂತು ಕೇಳುವಾಗ ನಾನು ಈಗಲೂ ಸಪಾಟು ಜೋಡಿಯನ್ನೇ ಹಚ್ಚುತ್ತೇನೆ.

ಇದಕ್ಕೆ ಜೊತೆಯಾಗುವ ಇನ್ನೊಂದು ಡ್ರೈವರ್ ಹುಡುಕಿ ಸ್ಟೀರಿಯೋ ಮಾಡುತ್ತೇನೆ ಎಂದೆ. ಹಳೆಯ ಡ್ರೈವರುಗಳಲ್ಲಿ ಜೋಡಿ ಸಿಗುವುದು ಬಲು ಕಷ್ಟ. ಒಂದೊಂದು ರೇಡಿಯೋದಲ್ಲಿ ಇದ್ದದ್ದೇ ಒಂದೊಂದು. ಅಪ್ಪ ಕಣ್ಣು ತೆರೆದು, "ಹಾಡೋವಾಂಗ ಗಂಟಲಾ ಒಂದ ಐತಲ್ಲೋ ತಮ್ಮಾ, ಡಬ್ಬಿ ಯಾಕ ಎರಡು?" ಅಂದರು. ಇದಕ್ಕೆ ಇಂಜಿನಿಯರಿಂಗಿನ ಉತ್ತರ ನನ್ನಲ್ಲಿದೆ. ಕೊಡಲಿಲ್ಲ. ಅವರು ಕೇಳುವ 78ರ ತಟ್ಟೆಗಳು, ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳು ಹೇಗೂ ಮೋನೋ.

ಹಿಯರಿಂಗ್ ಏಡಿನ ಸಮಸ್ಯೆ ಇನ್ನೂ ಹಾಗೇ ಇದೆ. ಪೆಟ್ಟಿಗೆಯ ಮುಂದೆ ಅಪ್ಪನಿಗೆ ಕಿವಿ ಬಂದಿದೆ, ಲಿಫ್ಟಿನಲ್ಲಿ ಬಂದಿಲ್ಲ. ಸೆಟ್ಟಿಂಗ್ ತಿದ್ದಿಸಲು ಮುಂದಿನ ವಾರ ಮತ್ತೆ ಹೋಗುವುದಿದೆ. ಈ ಸಲ ಬರುತ್ತೇನೆ ಎಂದು ಅವರೇ ಒಪ್ಪಿದ್ದಾರೆ.

ಈ ನಡುವೆ ಡೊಂಬಿವಲಿ ಕರ್ನಾಟಕ ಸಂಘದಲ್ಲಿ ಪರಿಚಯವಾದ ಗೆಳೆಯರೊಬ್ಬರು ಮನೆಗೆ ಬಂದಿದ್ದರು. ವಾಶಿಯಲ್ಲಿದ್ದಾರೆ, ಮಂಗಳೂರು ಕಡೆಯವರು. ಪೆಟ್ಟಿಗೆಯನ್ನೂ ಅದರ ಮುಂದೆ ಕೂತ ಅಪ್ಪನನ್ನೂ ಬಹಳ ಹೊತ್ತು ನೋಡಿ, ತಮ್ಮ ತಾಯಿಗೂ ಒಂದು ಬೇಕು ಎಂದರು. ಯಕ್ಷಗಾನ ಕೇಳಬೇಕಂತೆ. ಚೆಂಡೆ ಇರುವುದರಿಂದ ಗೂನು ಸ್ವಲ್ಪ ಕಡಿಮೆ ಇರಬೇಕು. ಚೋರ್ ಬಜಾರಿನಿಂದ ತಂದಿಟ್ಟ ಒಂದು ಹತ್ತಿಂಚು ಆಗಬಹುದು ಎಂದು ಲೆಕ್ಕ ಹಾಕಿದ್ದೇನೆ. ಅದರ ಸುರುಳಿಯೂ ಉಜ್ಜುತ್ತದೆ. ಮಿಸ್ತ್ರಿಗೆ ಕೊಟ್ಟು ಬಂದೆ. ಈಗ ಡಿಜೆಗಳ ಹಂಗಾಮು, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. "ಗಣಪತಿ ಝಾಲ್ಯಾವರ್ ಯಾ" ಎಂದಿದ್ದಾರೆ.